ಅಟ್ಟದ ಮೇಲಿನ ಭರಣಿಗಳು

ನಮ್ಮ ಅತ್ತೆಯವರು ಉಪ್ಪಿನಕಾಯಿ ಭರಣಿಗಳಿಗೆ ಚೀಟಿ ಅಂಟಿಸುವವರಲ್ಲ. ಅಟ್ಟದ ಮೇಲೆ ಸಾಲಾಗಿ ಹನ್ನೊಂದು ಭರಣಿ. ಎಲ್ಲಕ್ಕೂ ಒಂದೇ ಬಣ್ಣ, ಒಂದೇ ಬಿಳಿ ಬಟ್ಟೆಯ ಮುಸುಕು. ಅವರು ಏಣಿ ಹತ್ತಿದರೆ ಕೈ ನೇರವಾಗಿ ಬೇಕಾದ ಭರಣಿಗೇ ಹೋಗುತ್ತಿತ್ತು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಒಮ್ಮೆ ಅಪ್ಪೆಮಿಡಿ ತರಲು ಹೇಳಿದರು. ಕತ್ತಲೆಯಲ್ಲಿ ಯಾವುದೆಂದು ತಿಳಿಯದೆ ಒಂದೊಂದನ್ನೇ ಕೆಳಗಿಳಿಸಿ, ಅಡುಗೆಮನೆಯ ಬೆಳಕಿನಲ್ಲಿ ಮುಸುಕು ಬಿಚ್ಚಿ ಮೂಸಿ ನೋಡಿದೆ. ಒಂಬತ್ತನೆಯದರಲ್ಲಿ ಅಪ್ಪೆಮಿಡಿ ಸಿಕ್ಕಿತು. ಅಷ್ಟರಲ್ಲಿ ಊಟಕ್ಕೆ ಕುಳಿತವರು ಮಜ್ಜಿಗೆಯನ್ನೂ ಮುಗಿಸಿದ್ದರು. ಅತ್ತೆ ಬೈಯಲಿಲ್ಲ. "ಒಂದು ಭರಣಿ ಹುಡುಕೋಕೆ ಅಟ್ಟವನ್ನೇ ಕೆಳಗೆ ತಂದೆಯಲ್ಲೇ" ಎಂದು ನಕ್ಕರು, ಅಷ್ಟೆ.

ಈ ಮಾತು ನನಗೆ ಮತ್ತೆ ನೆನಪಾದದ್ದು 1994ರ ಮಳೆಗಾಲದಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ ಕುಳಿತಿದ್ದಾಗ.

ನಾನು ಕೆಲಸ ಮಾಡುತ್ತಿದ್ದುದು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಸಹಕಾರಿ ಬ್ಯಾಂಕಿನಲ್ಲಿ. ಅದರ ಹೆಸರು ಇಲ್ಲಿ ಬೇಡ. ಅಲ್ಲಿಯವರೆಗೆ ನಮ್ಮದೆಲ್ಲ ದಪ್ಪ ಲೆಡ್ಜರುಗಳ ಸಂಸಾರ. ಲೆಡ್ಜರಿನ ಜೊತೆಗೊಂದು ಇಂಡೆಕ್ಸ್ ಪುಸ್ತಕ ಇರುತ್ತಿತ್ತು. ಅಂಚಿನಲ್ಲಿ ಮೆಟ್ಟಿಲಿನಂತೆ ಕತ್ತರಿಸಿ ಅಕ್ಷರ ಬರೆದ ಪುಟಗಳು. ಹೆಸರಿನ ಮೊದಲ ಅಕ್ಷರಕ್ಕೆ ಬೆರಳಿಟ್ಟು ತೆರೆದರೆ, ಇಂಥವರ ಲೆಕ್ಕ ಇಂಥ ಪುಟದಲ್ಲಿದೆ ಎಂದು ಸಿಕ್ಕಿಬಿಡುತ್ತಿತ್ತು. ನಮ್ಮ ಹೆಡ್ ಕ್ಲರ್ಕ್ ರಾಯರು ಹೆಸರಿನ ಪಕ್ಕದಲ್ಲಿ ಊರು, ಮನೆಯ ಹೆಸರು, 'ಮೇಲಿನಮನೆ', 'ಹೊಳೆಬದಿ' ಎಂದೆಲ್ಲ ಸಣ್ಣ ಅಕ್ಷರದಲ್ಲಿ ಬರೆದಿಡುತ್ತಿದ್ದರು. ನಮ್ಮ ಕಡೆ ಒಂದೇ ಹೆಸರಿನವರು ಒಂದೇ ಊರಿನಲ್ಲಿ ಆರು ಜನ ಇರುತ್ತಾರೆ ನೋಡಿ.

ಆಮೇಲೆ ಕಂಪ್ಯೂಟರು ಬಂತು. ಐದು ಪೆಟ್ಟಿಗೆ, ಮ್ಯಾನೇಜರ ಕೋಣೆಯ ಮೂಲೆಯಲ್ಲಿ ದೊಡ್ಡದೊಂದು. ಅದಕ್ಕೆ 'ಸರ್ವರ್' ಎಂದು ಹೆಸರು. ಗೋಡೆಯಂಚಿನಲ್ಲಿ ಟೀವಿಯ ಕೇಬಲ್ಲಿನಂಥ ಕಪ್ಪು ತಂತಿ ಒಂದರಿಂದ ಇನ್ನೊಂದಕ್ಕೆ ಹಾದುಹೋಗಿತ್ತು. ಬೆಳಿಗ್ಗೆ ಕಸ ಗುಡಿಸುವಾಕೆಯ ಪೊರಕೆ ತಾಗಿ ಎಲ್ಲಿಯಾದರೂ ಒಂದು ಕನೆಕ್ಟರ್ ಸಡಿಲವಾಯಿತೋ, ಐದೂ ಪೆಟ್ಟಿಗೆಗಳು ಒಟ್ಟಿಗೆ ಮೌನವ್ರತ ಹಿಡಿಯುತ್ತಿದ್ದವು. ನೆಟ್‌ವೇರ್ ಎಂಬ ಏರ್ಪಾಟು, ಫಾಕ್ಸ್‌ಪ್ರೊದಲ್ಲಿ ಬರೆದ ಪ್ರೋಗ್ರಾಮು. ಅದನ್ನು ಬರೆದ ಹುಡುಗ ಬೆಂಗಳೂರಿನಿಂದ ತಿಂಗಳಿಗೆರಡು ಬಾರಿ ರಾತ್ರಿ ಬಸ್ಸಿನಲ್ಲಿ ಬರುತ್ತಿದ್ದ. ನಮ್ಮ ಮಗನ ವಯಸ್ಸಿಗಿಂತ ಸ್ವಲ್ಪ ದೊಡ್ಡವನು, ಅಷ್ಟೆ. ನನ್ನನ್ನು 'ಮೇಡಂ' ಎನ್ನುತ್ತಿದ್ದವನು ನಮ್ಮ ಮನೆಯ ಕಡುಬು ತಿಂದ ಮೇಲೆ 'ಆಂಟಿ' ಎನ್ನತೊಡಗಿದ.

ಖಾತೆ ನಂಬರು ಹೇಳಿದರೆ ಕಣ್ಣುಮಿಟುಕಿಸುವುದರೊಳಗೆ ಲೆಕ್ಕ ಬಂದು ನಿಲ್ಲುತ್ತಿತ್ತು. ಮೊದಲ ದಿನ ನಾವು ಹೆಂಗಸರೆಲ್ಲ ಸರದಿಯಂತೆ ನಮ್ಮ ನಮ್ಮ ನಂಬರು ಹಾಕಿ ನೋಡಿ ಸಂತೋಷಪಟ್ಟೆವು. ಆದರೆ ಹಳ್ಳಿಯಿಂದ ಬರುವವರಿಗೆ ನಂಬರು ಎಲ್ಲಿ ಗೊತ್ತು? ಅವರು ಹೇಳುವುದು ಹೆಸರು. ಹೆಸರು ಹಾಕಿ ಹುಡುಕಿದರೆ ಒಂದೂವರೆ ನಿಮಿಷ. ಒಂದೂವರೆ ನಿಮಿಷವೆಂದರೆ ಏನು ಮಹಾ ಎನ್ನಬೇಡಿ. ಎದುರಿಗೆ ಹದಿನೈದು ಜನರ ಸಾಲು ಇದ್ದಾಗ ಅದು ಹಾಲು ಉಕ್ಕುವುದನ್ನು ಕಾಯುವ ಒಂದೂವರೆ ನಿಮಿಷ. ಅಷ್ಟೇ ಆಗಿದ್ದರೂ ಸರಿಯಿತ್ತು. ನಾನು ಹುಡುಕತೊಡಗಿದರೆ ಉಳಿದ ನಾಲ್ಕು ಪೆಟ್ಟಿಗೆಗಳೂ ಬಸವಳಿದು ನಿಲ್ಲುತ್ತಿದ್ದವು. ಕ್ಯಾಷ್ ಕೌಂಟರಿನ ಪಂಜರದೊಳಗಿನಿಂದ ಕ್ಯಾಷಿಯರು ಕೂಗುತ್ತಿದ್ದರು: "ಯಾರಮ್ಮಾ ಅದು, ಹುಡುಕ್ತಾ ಇರೋದು?"

ಮುಂದಿನ ಸಲ ಹುಡುಗ ಬಂದಾಗ ನಾನು ಜಗಳಕ್ಕೇ ನಿಂತೆ. ಅವನು ಚಹಾ ಕುಡಿಯುತ್ತ ವಿವರಿಸಿದ. ನಾವು ಹೆಸರು ಕೇಳಿ ಮೋಸಹೋಗಿದ್ದೆವು. ನಮ್ಮ ಆ ಸರ್ವರಿಗೆ ಬಡಿಸಲು ಬರುತ್ತಿರಲಿಲ್ಲ, ಪಾತ್ರೆ ಸಮೇತ ಎತ್ತಿ ಕೊಡಲಷ್ಟೇ ಬರುತ್ತಿತ್ತು. ಅದು ಗುಮಾಸ್ತೆಯಲ್ಲ, ಬೀರು. ಹುಡುಕುವ ಕೆಲಸ ನನ್ನ ಮೇಜಿನ ಪೆಟ್ಟಿಗೆಯದು. ನಮ್ಮಲ್ಲಿ ಸುಮಾರು 40,000 ಖಾತೆ. ಒಂದೊಂದಕ್ಕೆ ಹೆಸರು, ವಿಳಾಸ ಎಲ್ಲ ಸೇರಿ 200 ಅಕ್ಷರ ಹಿಡಿದರೂ 80 ಲಕ್ಷ ಅಕ್ಷರ. ನಾನು ಒಬ್ಬಳು ಲಕ್ಷ್ಮಿಯನ್ನು ಕೇಳಿದರೆ, ಆ 80 ಲಕ್ಷ ಅಕ್ಷರವೂ ಕಪ್ಪು ತಂತಿಯಲ್ಲಿ ಹರಿದು ನನ್ನ ಮೇಜಿಗೆ ಬಂದು, ಒಂದೊಂದೇ ಬಿಚ್ಚಿ ನೋಡಿಸಿಕೊಂಡು ಹೋಗಬೇಕು. ತಂತಿ ಇರುವುದು ಒಂದೇ. ನನ್ನ ಮೆರವಣಿಗೆ ಹೋಗುತ್ತಿರುವಾಗ ಕ್ಯಾಷಿಯರ ಸಣ್ಣ ಪ್ರಶ್ನೆಗಳು ರಸ್ತೆ ಬದಿಯಲ್ಲಿ ಕಾಯಬೇಕು.

"ಅಂದರೆ ಅಟ್ಟವನ್ನೇ ಕೆಳಗೆ ತರೋದು" ಎಂದೆ. ಅವನಿಗೆ ಅರ್ಥವಾಗಲಿಲ್ಲ. ಭರಣಿಯ ಕತೆ ಹೇಳಿದೆ. "ಅದೇ ಆಂಟಿ, ಅದೇ. ನಂಬರಿಗೆ ಇಂಡೆಕ್ಸ್ ಮಾಡಿದ್ದೀನಿ, ಹೆಸರಿಗೆ ಮಾಡಿಲ್ಲ" ಎಂದ.

ನಮ್ಮ ರಾಯರ ಮೆಟ್ಟಿಲು ಕತ್ತರಿಸಿದ ಪುಸ್ತಕವೇ ಅದು, ಇನ್ನಷ್ಟು ಜಾಣತನದ್ದು. ಹೆಸರುಗಳನ್ನು ಅಕ್ಷರ ಕ್ರಮದಲ್ಲಿಟ್ಟರೆ, ನಡುವಿನದನ್ನು ನೋಡಿ ಮುಂದೋ ಹಿಂದೋ ಎಂದು ಅರ್ಧರ್ಧ ತಳ್ಳುತ್ತ ಹೋಗಬಹುದು. 40,000 ಹೆಸರಿಗೆ ಹೆಚ್ಚೆಂದರೆ 16 ಸಲ ನೋಡಿದರೆ ಸಾಕು. ನಂಬಿಕೆ ಬರದೆ ನಾನು ಮನೆಗೆ ಬಂದು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಭಾಗಿಸಿ ನೋಡಿದೆ, ನಿಜ. ಕಂಪ್ಯೂಟರಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಒಂದೊಂದು ಎಲೆಯ ಮೇಲೆ ಹತ್ತಾರು ಹೆಸರು ಬರೆದಿಡುತ್ತಾರೆ. ಬೇರೆಡೆಗೆ ಕೈತೋರಿಸುವ ಎಲೆ, ಅದರ ಕೆಳಗೆ ಇನ್ನಷ್ಟು ಎಲೆ, ಹೀಗೆ ಮರದಂತೆ. ಅಮೆರಿಕದ ಬೋಯಿಂಗ್ ಕಂಪನಿಯಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ಎಂಬಿಬ್ಬರು 1970ರಲ್ಲಿ ಕಂಡುಕೊಂಡ ಮರವಿದು. ಹೆಸರು 'ಬಿ-ಟ್ರೀ'. 'ಬಿ' ಎಂದರೆ ಏನೆಂದು ಅವರು ಬಾಯಿಬಿಟ್ಟು ಹೇಳಲಿಲ್ಲವಂತೆ. ಫಾಕ್ಸ್‌ಪ್ರೊದ ಮರದಲ್ಲಿ ಒಂದು ಎಲೆಗೆ 512 ಅಕ್ಷರ. ಅಂಥ ಮೂರು ನಾಲ್ಕು ಎಲೆ ತಂತಿಯಲ್ಲಿ ಬಂದರೆ ಲಕ್ಷ್ಮಿ ಎಲ್ಲಿದ್ದಾಳೆಂದು ಗೊತ್ತಾಗುತ್ತದೆ; ಆಮೇಲೆ ಅವಳೊಬ್ಬಳನ್ನೇ ಕರೆದರಾಯಿತು. 80 ಲಕ್ಷದ ಜಾಗದಲ್ಲಿ ಎರಡು ಮೂರು ಸಾವಿರ ಅಕ್ಷರ!

ಹಾಗಿದ್ದರೆ ಹೆಸರಿಗೂ, ಊರಿಗೂ, ಗಂಡನ ಹೆಸರಿಗೂ, ಎಲ್ಲಕ್ಕೂ ಮಾಡಿಬಿಡು ಎಂದೆ. ಆತ ತಲೆಯಾಡಿಸಿದ. ಹೊಸ ಖಾತೆ ಸೇರಿಸಿದಾಗಲೆಲ್ಲ ಪ್ರತಿಯೊಂದು ಇಂಡೆಕ್ಸಿನಲ್ಲೂ ಸರಿಯಾದ ಜಾಗ ಹುಡುಕಿ ಬರೆಯಬೇಕು, ಅದೂ ಅದೇ ತಂತಿಯ ಮೇಲೆ. ಬರೆಯುವಾಗ ಉಳಿದವರು ಕೈಯಿಡದಂತೆ ಬೀಗ ಹಾಕಬೇಕು. ಆಗ ನಮ್ಮಲ್ಲಿ ಸಂಜೆ ಹೊತ್ತು ಇಬ್ಬರು ಹುಡುಗರು ಹಳೆಯ ಠೇವಣಿ ಲೆಡ್ಜರುಗಳನ್ನು ಮಾಳಿಗೆಯ ಮೇಲೆ ಕುಳಿತು ಕಂಪ್ಯೂಟರಿಗೆ ತುಂಬಿಸುತ್ತಿದ್ದರು. ನಮೂದಿಗೆ ಇಷ್ಟು ಪೈಸೆ ಎಂದು ಅವರ ಸಂಬಳ. ಕೆಲಸ ನಿಧಾನವಾದರೆ ಅವರ ಹೊಟ್ಟೆಗೇ ಹೊಡೆತ. ಕೊನೆಗೆ ಒಂದು ಒಪ್ಪಂದವಾಯಿತು. ನಂಬರಿನ ಇಂಡೆಕ್ಸ್ ತಾನೇ ತೆರೆದುಕೊಳ್ಳುವಂಥದ್ದು. ಹೆಸರಿನ ಇಂಡೆಕ್ಸನ್ನು ಬೇರೆ ಫೈಲಿನಲ್ಲಿಟ್ಟು ನನ್ನ ಕೌಂಟರಿನಲ್ಲಿ ಮಾತ್ರ ತೆರೆಯುವುದು. ಹುಡುಗರ ಪೆಟ್ಟಿಗೆ ಅದನ್ನು ಮುಟ್ಟುವುದಿಲ್ಲ, ಅವರ ಕೆಲಸ ಸರಾಗ. ದಿನಾ ಬೆಳಿಗ್ಗೆ ಬ್ಯಾಂಕು ತೆರೆಯುವ ಮೊದಲು ನಾನು ಒಂದು ಸಾಲು ಟೈಪು ಮಾಡಿ ಆ ಇಂಡೆಕ್ಸನ್ನು ಹೊಸದಾಗಿ ಕಟ್ಟಬೇಕು. ಇಪ್ಪತ್ತು ನಿಮಿಷದ ಕೆಲಸ. ಓಹೋ, ಅದಕ್ಕೇನಂತೆ, ಎಂದು ನಾನೇ ಒಪ್ಪಿಕೊಂಡೆ.

ಆ ನಡುವೆ ಇನ್ನೊಂದು ತಮಾಷೆಯಾಯಿತು. ಹೆಸರುಗಳನ್ನೆಲ್ಲ ಲೆಡ್ಜರಿನಲ್ಲಿದ್ದಂತೆ ಇನಿಶಿಯಲ್ ಮೊದಲು ಮಾಡಿ ತುಂಬಿಸಿದ್ದರು. ಅಕ್ಷರ ಕ್ರಮಕ್ಕೆ ಇಟ್ಟಾಗ ಲಕ್ಷ್ಮಿಯರೆಲ್ಲ ಅಪ್ಪನ ಊರಿನ ಅಕ್ಷರದಲ್ಲೋ ಗಂಡನ ಹೆಸರಿನ ಅಕ್ಷರದಲ್ಲೋ ಚದುರಿಹೋದರು. ಹೆಸರಿನ ನಡುವೆ ಎಲ್ಲೋ 'ಲಕ್ಷ್ಮಿ' ಇದೆಯೇ ಎಂದು ಕೇಳಿದರೆ ಇಂಡೆಕ್ಸು ಕೈಚೆಲ್ಲುತ್ತದೆ. ಮತ್ತೆ ಅಟ್ಟವೇ ಕೆಳಗೆ. ಮದುವೆಯಾದ ಕೂಡಲೇ ಇನಿಶಿಯಲ್ ಬದಲಾಗುವ ನಮ್ಮಂಥವರನ್ನು ಇನಿಶಿಯಲ್ಲಿನಿಂದ ಹುಡುಕುವುದೆಂದರೇನು! ಹೆಸರು ಮೊದಲು, ಇನಿಶಿಯಲ್ ಆಮೇಲೆ ಎಂದು ಎಲ್ಲವನ್ನೂ ತಿರುಗಿಸಿದ ಮೇಲೆಯೇ ಸರಿಹೋದದ್ದು.

ಅಂತೂ ಹೆಸರು ಹಾಕಿದರೆ ಒಂದು ಸೆಕೆಂಡಿನಲ್ಲಿ ಉತ್ತರ ಬರತೊಡಗಿತು. ನನಗೋ ಹೆಮ್ಮೆ. ಮನೆಯಲ್ಲಿ ನಮ್ಮವರ ಹತ್ತಿರ ದಿನಾ ಅದನ್ನೇ ಹೇಳಿ, "ಇನ್ನು ಸಾಕು ಮಾರಾಯ್ತಿ" ಎನ್ನಿಸಿಕೊಂಡೆ.

ದಸರಾ ರಜೆಗೆ ಸ್ವಲ್ಪ ಮೊದಲು ಮಗಳಿಗೆ ಜ್ವರ ಬಂತು. ಮೂರು ದಿನ ರಾತ್ರಿ ನಿದ್ದೆಯಿಲ್ಲ. ಬೆಳಿಗ್ಗೆ ಓಡುತ್ತ ಬಂದು ಕೌಂಟರಿಗೆ ಕೂರುವಷ್ಟರಲ್ಲಿ ಗಂಟೆ ಹೊಡೆದಿರುತ್ತಿತ್ತು. ಇಂಡೆಕ್ಸ್ ಕಟ್ಟುವ ಕೆಲಸ ಹಾಗೇ ಬಿಟ್ಟುಹೋಯಿತು. ನಾಳೆ ಮಾಡಿದರಾಯಿತು ಎಂದುಕೊಂಡೆ. ಯಾರಿಗೆ ಏನು ತೊಂದರೆ, ಹುಡುಕಿದರೆ ಸಿಗುತ್ತಲೇ ಇದೆಯಲ್ಲ.

ಮೂರನೆಯ ದಿನ ಒಬ್ಬ ಅಜ್ಜಿ ಬಂದರು. ಅವರ ನಿಜವಾದ ಹೆಸರು ಬರೆಯುವುದು ಸರಿಯಲ್ಲ. ಲಕ್ಷ್ಮಿ ಎಂದೇ ಇಟ್ಟುಕೊಳ್ಳಿ. ಹದಿನಾಲ್ಕು ಮೈಲಿ ದೂರದ ಹಳ್ಳಿ, ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದರು. ಸೆರಗಿನ ತುದಿಯಲ್ಲಿ ಮಡಿಸಿದ ಒಂದು ಕಾಗದ. ಬಿಚ್ಚಿದರೆ ಗೆದ್ದಲು ತಿಂದು ಬಲೆಯಾಗಿದ್ದ ಠೇವಣಿ ರಸೀದಿ. ನಂಬರಿನ ಜಾಗದಲ್ಲಿ ತೂತು. ಹಳೆ ಠೇವಣಿ, ಎಂಟು ಸಾವಿರ. ಮಗಳ ಆಪರೇಷನ್ನಿಗೆ ಬೇಕಾಗಿತ್ತು.

ನಾನು ಹೆಸರು ಟೈಪು ಮಾಡಿದೆ. ಒಂದು ಸೆಕೆಂಡು. 'ಇಲ್ಲ' ಎಂದಿತು. ಕಾಗುಣಿತ ಬದಲಿಸಿದೆ: ಇಂಗ್ಲಿಷಿನಲ್ಲಿ ಲಕ್ಷ್ಮಿಯನ್ನು 'ಕೆ ಎಸ್ ಎಚ್' ಹಾಕಿಯೂ ಬರೆಯುತ್ತಾರೆ, 'ಎಕ್ಸ್' ಹಾಕಿಯೂ ಬರೆಯುತ್ತಾರೆ. ಆ ಊರಿನವರು ಯಾರೂ ಇಲ್ಲ. "ಅಜ್ಜಿ, ನಿಮ್ಮ ಹೆಸರಲ್ಲಿ ನಮ್ಮಲ್ಲಿ ಠೇವಣಿ ಇಲ್ಲ" ಎಂದೆ.

"ಇಲ್ಲ ಅಂದ್ರೆ ಎಂತ? ನಾನೇ ಕಟ್ಟಿದ್ದು. ಅಡಿಕೆ ಸುಲಿದ ದುಡ್ಡು. ಆ ದೊಡ್ಡ ಪುಸ್ತಕದಾಗೆ ನೋಡಿ ಅಮ್ಮ."

ದೊಡ್ಡ ಪುಸ್ತಕ ಮಾಳಿಗೆಯ ಮೇಲೆ ಹುಡುಗರ ಕೋಣೆಯಲ್ಲಿ. ಕೋಣೆಗೆ ಬೀಗ, ಅವರು ಬರುವುದು ಸಂಜೆಗೆ. ನಾನು ಹೇಳಿದ್ದು ಈಗಲೂ ಕಿವಿಯಲ್ಲಿದೆ: "ಪುಸ್ತಕದಲ್ಲಿ ಇರೋದೆಲ್ಲ ಇದರಲ್ಲೇ ಇದೆ ಅಜ್ಜಿ. ಇದು ತಪ್ಪು ಹೇಳೋಲ್ಲ."

ಆಕೆ ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಕಾಗದವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಹೊರಟುಹೋದರು. ಸಾಲಿನಲ್ಲಿ ಇನ್ನೂ ಜನರಿದ್ದರು.

ರಾತ್ರಿ ಅಕ್ಕಿ ತೊಳೆಯುತ್ತಿದ್ದೆ. ಹಿಂದಿನ ದಿನದ ಅಕ್ಕಿಯ ಡಬ್ಬಿಯ ಮೇಲೆ ಮಗಳು ಎಂದೋ ಅಂಟಿಸಿದ್ದ ಚೀಟಿ ಇತ್ತು, ಒಳಗಿದ್ದದ್ದು ಅವಲಕ್ಕಿ. ಕೈ ಅಲ್ಲೇ ನಿಂತಿತು. ಹುಡುಗರು ಮೂರು ಸಂಜೆ ತುಂಬಿಸಿದ್ದು ಸಾವಿರದಷ್ಟು ಠೇವಣಿ. ಅವೆಲ್ಲ ಬೀರುವಿನಲ್ಲಿವೆ. ನನ್ನ ಹೆಸರಿನ ಇಂಡೆಕ್ಸಿನಲ್ಲಿ ಇಲ್ಲ. ಇಂಡೆಕ್ಸು ತನಗೆ ಗೊತ್ತಿಲ್ಲ ಎಂದು ಹೇಳುವುದಿಲ್ಲ. 'ಇಲ್ಲ' ಎಂದೇ ಹೇಳುತ್ತದೆ. ಮೊದಲಿನ ಒಂದೂವರೆ ನಿಮಿಷದ ಹುಡುಕಾಟದಲ್ಲಾದರೆ ಆಕೆಯ ಹೆಸರು ಸಿಕ್ಕೇ ಸಿಗುತ್ತಿತ್ತು.

ಮರುದಿನ ಬೇಗ ಹೋಗಿ, ಇಂಡೆಕ್ಸ್ ಬಿಟ್ಟು, ಮೊದಲಿನಂತೆ ಒಂದೊಂದೇ ಭರಣಿ ಬಿಚ್ಚುವ ರೀತಿಯಲ್ಲಿ ಹುಡುಕಿದೆ. ಪರದೆಯ ಮೇಲೆ ಆಕೆಯ ಹೆಸರು ಬಂದು ನಿಂತಿತು. 1987ರ ಠೇವಣಿ. ಎಂಟು ಸಾವಿರ, ಬಡ್ಡಿ ಬೇರೆ. ಮ್ಯಾನೇಜರು "ಒಂದು ಕಾರ್ಡು ಹಾಕಿ" ಎಂದರು. ಕಾರ್ಡು ತಲುಪಲು ಮೂರು ದಿನ, ಓದಿ ಹೇಳುವವರು ಸಿಗಲು ಇನ್ನೆಷ್ಟು ದಿನವೋ. ಅರ್ಧ ದಿನ ರಜೆ ಬರೆದು ಮಧ್ಯಾಹ್ನದ ಬಸ್ಸು ಹತ್ತಿದೆ.

ಮನೆಯ ಸೊಸೆ ನೀರು ಬೆಲ್ಲ ತಂದಿಟ್ಟಳು. ಮುಖ ಗಂಟಿಕ್ಕಿಕೊಂಡೇ ಇತ್ತು. ಮಗ ಜಗುಲಿಯ ಕಂಬಕ್ಕೆ ಒರಗಿ ನಿಂತಿದ್ದ. ಮಾತಿನ ನಡುವೆ ತಿಳಿಯಿತು: ಆ ದುಡ್ಡನ್ನು ಎಂದೋ ತೆಗೆದು ಗುಟ್ಟಾಗಿ ಯಾರಿಗೋ ಕೊಟ್ಟು, ಈಗ ಬ್ಯಾಂಕಿನ ನೆವ ಹೇಳುತ್ತಿದ್ದಾರೆಂದು ಹಿಂದಿನ ರಾತ್ರಿ ದೊಡ್ಡ ರಾದ್ಧಾಂತವಾಗಿತ್ತು. ಅಜ್ಜಿ ಊಟ ಮಾಡಿರಲಿಲ್ಲ. ಬ್ಯಾಂಕಿನಾಕೆಯೇ ಇಲ್ಲ ಎಂದ ಮೇಲೆ ಆಕೆಯ ಮಾತಿಗೆ ಏನು ಬೆಲೆ? ನಾನು ಎಲ್ಲರೆದುರಿಗೆ ಖಾತೆ ನಂಬರು, ತಾರೀಖು, ಮೊತ್ತ ಓದಿ ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ. ಮಗ ಮಾತಾಡದೆ ಅಂಗಳಕ್ಕಿಳಿದ.

"ನನ್ನ ಹೆಸರು ಎಲ್ಲಿ ಹೋಗಿತ್ತು?" ಎಂದರು ಅಜ್ಜಿ.

ಏನೆಂದು ಹೇಳಲಿ. "ಭರಣಿ ಅಟ್ಟದ ಮೇಲೇ ಇತ್ತು ಅಜ್ಜಿ. ಚೀಟಿ ಅಂಟಿಸಿರಲಿಲ್ಲ."

ಆಕೆ ಸ್ವಲ್ಪ ಹೊತ್ತು ಯೋಚಿಸಿದರು. "ಚೀಟಿ ಇಲ್ದಿದ್ರೆ ಭರಣಿ ಬಿಚ್ಚಿ ನೋಡ್ಬೇಕು ಅಮ್ಮ" ಎಂದರು.

ಮುಂದಿನ ಸಲ ಬೆಂಗಳೂರಿನ ಹುಡುಗ ಬಂದಾಗ ಇದೇ ಮಾತನ್ನು ಅವನಿಗೆ ಹೇಳಿದೆ. ಅವನ ಮುಖ ಸಪ್ಪಗಾಯಿತು. ಹೆಸರಿನ ಇಂಡೆಕ್ಸನ್ನು ಅಂದೇ ತಾನೇ ತೆರೆದುಕೊಳ್ಳುವ ಗುಂಪಿಗೆ ಸೇರಿಸಿದ. ಮಾಳಿಗೆಯ ಹುಡುಗರ ಕೆಲಸ ನಿಧಾನವಾಗಿ ಅವರು ಗೊಣಗಿದರು. ಮ್ಯಾನೇಜರಿಗೆ ಹೇಳಿ ನಮೂದಿಗೆ ಎರಡು ಪೈಸೆ ಹೆಚ್ಚಿಸಿದ್ದಾಯಿತು. ಇಂಡೆಕ್ಸಿನಲ್ಲಿ ಸಿಗದಿದ್ದರೆ 'ಇಲ್ಲ' ಎನ್ನುವ ಮೊದಲು ಪೂರ್ತಿ ಹುಡುಕಲೇ ಎಂದು ಕೇಳುವ ಒಂದು ಸಾಲನ್ನೂ ಬರೆದ. ಉಚ್ಚಾರದ ಮೇಲೆ ಹುಡುಕುವ ಸೌಂಡೆಕ್ಸ್ ಎಂಬ ಹಳೆಯ ಉಪಾಯವೊಂದಿದೆ, ಅಮೆರಿಕದಲ್ಲಿ 1918ರಲ್ಲಿ ಪೇಟೆಂಟ್ ಪಡೆದದ್ದು. ಅದರ ಮೇಲೂ ಒಂದು ಇಂಡೆಕ್ಸ್ ಕಟ್ಟಿಕೊಟ್ಟ. ಯಾವ ಕಾಗುಣಿತದಲ್ಲಿ ಬರೆದರೂ ಲಕ್ಷ್ಮಿ 'ಎಲ್ 250' ಆಗುತ್ತಾಳೆ. ಅಲ್ಲಿಗೆ ಲಕ್ಷ್ಮಿಯರ ಕಷ್ಟ ತೀರಿತು. ಸರಸ್ವತಿಯರದು ತೀರಲಿಲ್ಲ. 'ಡಬ್ಲ್ಯು' ಹಾಕಿ ಬರೆದ ಸರಸ್ವತಿ 623, 'ವಿ' ಹಾಕಿ ಬರೆದವಳು 621. ಇಂಗ್ಲಿಷ್ ಹೆಸರುಗಳಿಗೆಂದು ಹೊಲಿದ ರವಿಕೆ ನಮಗೆ ಅಲ್ಲಲ್ಲಿ ಬಿಗಿ.

ಹತ್ತು ವರ್ಷದ ಮೇಲೆ ನಮ್ಮ ತಾರಸಿಯ ಮೇಲೆ ಉಪಗ್ರಹದ ತಟ್ಟೆ ಬಂತು. ಲೆಕ್ಕವೆಲ್ಲ ಹೆಡ್ಡಾಫೀಸಿನ ದೊಡ್ಡ ಸರ್ವರಿಗೆ ಹೋಯಿತು. ಈ ಸರ್ವರು ನಿಜವಾಗಿ ಬಡಿಸುವಂಥದ್ದು. ಹುಡುಕಾಟ ಅಲ್ಲೇ ನಡೆದು ಉತ್ತರ ಮಾತ್ರ ಬರುತ್ತಿತ್ತು. ಇಂಡೆಕ್ಸುಗಳೂ ಚೆನ್ನಾಗಿದ್ದವು. ಆದರೂ ಷೇರುದಾರರ ಡಿವಿಡೆಂಡ್ ಪಟ್ಟಿ ತೆಗೆಯಲು ಎರಡೂವರೆ ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿತ್ತು. ಕಾರಣ ಕೇಳಿದರೆ ನಗು ಬರುತ್ತದೆ. ಆ ಉಪಗ್ರಹ ನಮ್ಮ ತಲೆಯ ಮೇಲೆ 36,000 ಕಿಲೋಮೀಟರ್ ಎತ್ತರದಲ್ಲಿತ್ತು. ಪ್ರಶ್ನೆ ಮೇಲೆ ಹೋಗಿ ಕೆಳಗಿಳಿಯಬೇಕು, ಉತ್ತರವೂ ಹಾಗೆಯೇ. ಒಟ್ಟು 1,44,000 ಕಿಲೋಮೀಟರ್. ಬೆಳಕಿನ ವೇಗದಲ್ಲಿ ಓಡಿದರೂ ಸುಮಾರು ಅರ್ಧ ಸೆಕೆಂಡು. ಪ್ರೋಗ್ರಾಮು 320 ಷೇರುದಾರರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತಿತ್ತು! ಹುಡುಕಲು ಕ್ಷಣಾರ್ಧ, ಓಡಾಟಕ್ಕೇ ಉಳಿದದ್ದೆಲ್ಲ. ಸಾಸಿವೆಗೊಮ್ಮೆ, ಜೀರಿಗೆಗೊಮ್ಮೆ, ಬೆಲ್ಲಕ್ಕೊಮ್ಮೆ ಅಂಗಡಿಗೆ ಕಳಿಸುವ ಮನೆಗಳನ್ನು ನೀವೂ ನೋಡಿದ್ದೀರಿ. ಎಲ್ಲವನ್ನೂ ಒಂದೇ ಚೀಟಿಯಲ್ಲಿ ಬರೆದು ಕೇಳಿದ ಮೇಲೆ ಪಟ್ಟಿ ನಾಲ್ಕೈದು ಸೆಕೆಂಡಿಗೆ ಬಂತು. ಇದನ್ನು ಹೆಡ್ಡಾಫೀಸಿಗೆ ಬರೆದು ತಿಳಿಸಿದವಳು ನಾನೇ ಎಂದು ಹೇಳಿಕೊಳ್ಳಲು ಸ್ವಲ್ಪ ಜಂಬವಾಗುತ್ತದೆ, ಕ್ಷಮಿಸಿ.

ಆ ಅಜ್ಜಿಯ ವಿಷಯ. ಮಗಳ ಆಪರೇಷನ್ ಆಯಿತು. ಉಳಿದ ಬಡ್ಡಿಯಲ್ಲಿ ಒಂದು ಸಣ್ಣ ಉಳಿತಾಯ ಖಾತೆ ತೆರೆದರು. ಆಮೇಲೆ ಎರಡು ಮೂರು ವರ್ಷ, ಸಂತೆಗೆ ಬಂದಾಗಲೆಲ್ಲ ಕೈಚೀಲ ಹಿಡಿದು ನನ್ನ ಕೌಂಟರಿನ ಮುಂದೆ ನಿಲ್ಲುತ್ತಿದ್ದರು. ಹಣ ಕಟ್ಟಲೂ ಅಲ್ಲ, ತೆಗೆಯಲೂ ಅಲ್ಲ. "ಹೆಸರು ಇದ್ಯಾ ನೋಡಮ್ಮ" ಎನ್ನುತ್ತಿದ್ದರು. ಒಂದು ಸೆಕೆಂಡಿನಲ್ಲಿ ತೋರಿಸಿಬಿಟ್ಟರೆ ಆಕೆಗೆ ನಂಬಿಕೆ ಬರುತ್ತಿರಲಿಲ್ಲ. ಸರಿಯಾಗಿ ನೋಡು ಎನ್ನುತ್ತಿದ್ದರು. ಹಾಗಾಗಿ ನಾನು ಇಂಡೆಕ್ಸ್ ಬಿಟ್ಟು, ಮೊದಲಿನ ರೀತಿಯಲ್ಲೇ ಹುಡುಕಲು ಹಾಕಿ, "ಬೆಂಚಿನ ಮೇಲೆ ಕೂತ್ಕೊಳ್ಳಿ ಅಜ್ಜಿ, ಎಲ್ಲ ಭರಣಿ ಬಿಚ್ಚಿ ನೋಡ್ತಾ ಇದ್ದೀನಿ" ಎನ್ನುತ್ತಿದ್ದೆ. ಆಕೆ ಫ್ಯಾನಿನ ಕೆಳಗೆ ಕುಳಿತು ಎಲೆಯಡಿಕೆಯ ಚೀಲ ಬಿಚ್ಚುತ್ತಿದ್ದರು. ಅಷ್ಟರಲ್ಲಿ ಪಂಜರದೊಳಗಿನಿಂದ ಕೂಗು ಬರುತ್ತಿತ್ತು:

"ಯಾರಮ್ಮಾ ಅದು, ಹುಡುಕ್ತಾ ಇರೋದು?"